ಖಾರವಿಲ್ಲದ ತಾಟು

ದ್ರಾಕ್ಷಿ ಹಂಗಾಮಿನಲ್ಲಿ ಕಾಕಾರ ಕೆಳತುಟಿಯ ನಡುವೆ ಒಂದು ನೀಲಿ ಗೆರೆ ಮೂಡುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಸಾಲಿಗೊಂದರಂತೆ ಕಪ್ಪು ಹಣ್ಣು ಬಾಯಿಗೆ ಹಾಕಿ, ಸಿಪ್ಪೆ ಅಗಿದು, ಬೀಜವನ್ನು ಅಂಗೈಗೆ ಉಗುಳಿ ಬಣ್ಣ ನೋಡುತ್ತಿದ್ದರು. ಹಸಿರಾಗಿದ್ದರೆ ಕೊಯ್ಲಿಲ್ಲ. "ಸಿಹಿ ಎಲ್ಲಾರಿಗೂ ತಿಳೀತೈತ್ರಿ ಮಾಸ್ತರ. ಬೀಜದ ಬಣ್ಣಾ ನೋಡಿ ಮಾತಾಡ್ರಿ," ಎನ್ನುವರು.

ಅಥಣಿ ತಾಲೂಕಿನ ಅನಂತಪುರದ ಕಡೆ ಅವರ ತೋಟ. ಬೇಲಿಯಾಚೆ ನನ್ನ ಬಾಡಿಗೆ ಮನೆ; ಊರವರಂತೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ. ನಾನು ಊರ ಶಾಲೆಯ ಮಾಸ್ತರ. ತೊಂಬತ್ತರ ದಶಕದ ಆರಂಭ. ಸುತ್ತಲಿನವರೆಲ್ಲ ಒಣದ್ರಾಕ್ಷಿಯ ಹಸಿರು ತಳಿ ಬೆಳೆದರೆ, ಗಡಿಯಾಚೆಯ ವೈನ್ ಕಾರ್ಖಾನೆಯೊಂದರಲ್ಲಿ ದುಡಿದು ಬಂದಿದ್ದ ಕಾಕಾ ಒಂದೆಕರೆಗೆ ವೈನಿನ ಕಪ್ಪು ತಳಿ ಹಚ್ಚಿದ್ದರು. ಕಾರ್ಖಾನೆ ಆ ಹಣ್ಣು ಒಪ್ಪದಿದ್ದರೆ ಬಳ್ಳಿ ಕಿತ್ತು ಕಬ್ಬು ಹಚ್ಚುವುದೆಂದು ಅಣ್ಣತಮ್ಮಂದಿರಲ್ಲಿ ಮಾತಾಗಿತ್ತು.

ಒಂದು ಮಧ್ಯಾಹ್ನ ಕಾರ್ಖಾನೆಯ ಮ್ಯಾನೇಜರು ಬಾಟಲಿಗಳೊಂದಿಗೆ ಬಂದರು. ಕಾಕಾರ ಹಣ್ಣಿನ ಕೆಂಪು ವೈನನ್ನು ಇನ್ನೊಂದು ಮೆದು ವೈನಿಗೆ ಬೆರೆಸಿ ತಂದಿದ್ದರು. ಊಟದ ಜೊತೆ ಕುಡಿದು ತೀರ್ಮಾನಿಸಬೇಕಿತ್ತು. ಹೊಸಿಲೊಳಗೆ ಅದು ಬರುವಂತಿಲ್ಲ, ಹೀಗಾಗಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಟೇಬಲ್ಲು ಹಾಕಿದೆವು. ನಮ್ಮ ಕಡೆ ಬೇಕಾದವರು ಬಂದರೆ ಕೈಬಿಚ್ಚಿ ಖಾರ ಹಾಕುವುದೇ ಮರ್ಯಾದೆ. ಕಾಕಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಕೆಂಪು ಮೆಣಸಿನಕಾಯಿ ಕುಟ್ಟಿದ ರಂಜಕ ನೀಡಿದರು.

ಮ್ಯಾನೇಜರು ಎರಡು ತುತ್ತು ತಿಂದು ಒಂದು ಗುಟುಕು ಕುಡಿದರು. ಮುಖ ಕೆಂಪಾಯಿತು. ಇನ್ನೊಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. "ಒಗರ ಭಾಳ ಆತ್ರಿ ಕಾಕಾ. ಬಾಯಾಗ ಬೆಂಕಿ ಇಟ್ಟಂಗ ಆಗಾಕತ್ತೈತಿ. ನಿಮ್ಮ ಹಣ್ಣ ಬಿಡಬೇಕಾಕ್ಕೈತೇನೊ."

ಕಾಕಾ ತಾವೂ ಒಂದು ಗುಟುಕು ತೆಗೆದುಕೊಂಡು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದರು.

"ಒಗರ ನನ್ನ ಹಣ್ಣಿಂದು, ಖರೆ. ಬೆಂಕಿ ಮಾತ್ರ ಮೆಣಸಿನಕಾಯ್ದು. ಕಾರ್ಖಾನ್ಯಾಗ ಕಲ್ತದ್ದು ಮನ್ಯಾಗ ಮರ್ತೆ. ಅರ್ಧಾ ತಾಸು ತಡೀರಿ."

ತಾವೇ ತಾಟುಗಳನ್ನು ಎತ್ತಿಕೊಂಡು ಒಳಗೆ ಹೊರಟರು. ಖಾರವಿಲ್ಲದೆ ಅಡಿಗೆ ಮಾಡೆಂದಾಗ ಕಾಕಿ ಬಾಗಿಲಲ್ಲೇ ತಡೆದರು.

"ಬಂದ ಮಂದಿಗೆ ಜ್ವರ ಬಂದಾವ್ರ ಊಟ ನೀಡ್ಲೇನ್ರಿ? ನಾಳಿ ಊರಾಗ ಹೆಂಗ ಮುಖಾ ತೋರಸ್ಲಿ?"

"ಮಾನ ಹೋದ್ರ ನಂದು ಹೋಗ್ಲಿ. ಬಳ್ಳಿ ಉಳೀಲಿ."

ಕಾಕಿ ಗೊಣಗುತ್ತಲೇ ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು, ಹಿಸುಕಿ, ಬರೀ ಉಪ್ಪು ಹಾಕಿದರು. ಮೆಣಸಿನಕಾಯಿ ಇಲ್ಲದೆ ಗುರೆಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದರು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು. ಅಷ್ಟರಲ್ಲಿ ನಾವೆಲ್ಲ ಬಾಯಿ ಮುಕ್ಕಳಿಸಿ, ಬಳ್ಳಿಯ ರೋಗಕ್ಕೆ ಔಷಧ ಹೊಡೆಯುವ ಮಾತಾಡುತ್ತ ಕುಳಿತಿದ್ದೆವು.

ಹೊಸ ತಾಟು ಬಂದ ಮೇಲೆ ನಾನೂ ಎರಡು ಗುಟುಕು ಕುಡಿದೆ, ಜೀವನದಲ್ಲಿ ಮೊದಲನೆಯ ಸಲ. ಮೂಗಿಗೆ ನೇರಳೆ ಹಣ್ಣಿನ ವಾಸನೆ ಬಂತು. ನಾಲಿಗೆಯ ಮೇಲೆ ಬದನೆಕಾಯಿಯ ಹೊಗೆ ಇನ್ನೂ ಇತ್ತು, ವೈನು ಅದರೊಳಗೆ ಸೇರಿಕೊಂಡಿತು. ಬೆಣ್ಣೆಯಿಂದಾಗಿ ಒಗರು ಚುಚ್ಚಲಿಲ್ಲ. ಕೊನೆಗೆ ಉಳಿದದ್ದು ಗುರೆಳ್ಳಿನ ಸಣ್ಣ ಕಹಿ. ಮ್ಯಾನೇಜರು ತುತ್ತಿಗೊಂದು ಗುಟುಕು ಕುಡಿಯುತ್ತ ತಾಟು ಬರಿದು ಮಾಡಿದರು.

"ಸಪ್ಪಗ ಐತೇನ್ರಿ?" ಕಾಕಿ ದೂರದಿಂದಲೇ ಕೇಳಿದರು.

"ಇನ್ನೊಂದ ರೊಟ್ಟಿ ನೀಡ್ರಿ, ಕಾಕಿ." ಮ್ಯಾನೇಜರು ಕಾಕಾರತ್ತ ತಿರುಗಿದರು. "ಬೆರಕ್ಯಾಗ ನಿಮ್ಮ ಪಾಲು ಇನ್ನಷ್ಟ ಏರಸೂಣ್ರಿ."

"ಜ್ವರಾ ಇಳೀತ ಅನ್ರಿ," ಎಂದು ಕಾಕಿ ನಕ್ಕರು.

ಬಳ್ಳಿ ಉಳಿಯಿತು. ಕೆಲವು ವರ್ಷಗಳ ಮೇಲೆ, ಮಳೆಗಾಲ ಮುಗಿಯುವಾಗ, ಕಾಕಾ ತೋಟದಲ್ಲೇ ಕುಸಿದು ತೀರಿಕೊಂಡರು. ಮೊದಲು ಓಡಿಹೋದವನು ನಾನು. ಅದನ್ನು ಬರೆಯಲು ಈಗಲೂ ಆಗುವುದಿಲ್ಲ. ಕರ್ಮಾದಿಗಳು ಮುಗಿದ ಮೇಲೆ ಕಾಕಿಯ ಮೈದುನರು ಮತ್ತೆ ಕಬ್ಬಿನ ಮಾತೆತ್ತಿದರು. ಕಾಕಿ ನೇರ ಬೇಲಿಯ ಹತ್ತಿರ ಬಂದರು.

"ಮಾಸ್ತರ, ನಾಳಿ ಬಳ್ಳಿ ಚಾಟಣಿಗೆ ಮಂದಿ ಬರ್ತಾರ. ಒಂದ ಕೈ ಕಡಿಮಿ ಐತಿ."

ಮರುದಿನ ಶಾಲೆಗೆ ರಜೆ ಹಾಕಿ ಕತ್ತರಿ ಹಿಡಿದೆ. ಯಾವ ಕಡ್ಡಿಗೆ ಎಷ್ಟು ಚಿಗುರು ಕಣ್ಣು ಬಿಟ್ಟು ಕತ್ತರಿಸಬೇಕೆಂದು ಕಾಕಾ ಒಮ್ಮೆ ಹೇಳಿಕೊಟ್ಟಿದ್ದರು. ಎಣಿಸುತ್ತ, ಎಣಿಸುತ್ತ, ಒಂದು ಸಾಲು ಮುಗಿಸಿದೆ.