ಈಸ್ಟರ್ ಹಬ್ಬಕ್ಕೆ ನೂರು ಮೊಟ್ಟೆ

ಒದ್ದೆ ಗೋಣಿಚೀಲದಲ್ಲಿ ಅದುಮಿ ತುಂಬಿದ ಹಿಪ್ಪುನೇರಳೆ ಸೊಪ್ಪಿಗೆ ಅದರದೇ ಒಂದು ವಾಸನೆಯಿದೆ. ಬರೀ ಹಸಿರು ವಾಸನೆ ಅಂದರೆ ಸಾಲದು. ಅದರಲ್ಲಿ ಸ್ವಲ್ಪ ಹಾಲಿನದು, ಸ್ವಲ್ಪ ನಾರಿನದು ಸೇರಿರುತ್ತದೆ. ಚೀಲದೊಳಗೆ ಕೈಯಿಟ್ಟರೆ ಮಲಗಿದ ಕರುವಿನ ಹೊಟ್ಟೆಯಂತೆ ಬೆಚ್ಚಗಿರುತ್ತದೆ. ಹೋದ ತಿಂಗಳು ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಯಾರೋ ಒಬ್ಬರು ಅಂಥ ಚೀಲವೊಂದನ್ನು ನನ್ನ ಕಾಲ ಬಳಿ ಇಳಿಸಿ ಟೀ ಕುಡಿಯಲು ಹೋದರು. ನಾನು ಹತ್ತಬೇಕಾಗಿದ್ದ ಬಸ್ಸು ಬಂತು, ನಿಂತಿತು, ಹೊರಟುಹೋಯಿತು. ನಾನು ಆ ಚೀಲದ ಪಕ್ಕದಲ್ಲೇ ಕೂತಿದ್ದೆ. ನಿಮಗೂ ಹೀಗೆ ಆಗಿರಬಹುದು. ಒಂದು ವಾಸನೆ ಬಂದು, ಈಗ ಇಲ್ಲದ ಮನೆಯ ಬಾಗಿಲನ್ನು ತೆಗೆದು ನಿಲ್ಲಿಸಿ, ಒಳಗೆ ಹೋಗುವ ದಾರಿಯನ್ನು ಮಾತ್ರ ತೋರಿಸದೆ ಬಿಟ್ಟುಬಿಡುತ್ತದೆ.

ಆ ಮನೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿತ್ತು. ಬೆಳಗಾಗುವ ಮೊದಲೇ ಸುತ್ತಲಿನ ಮನೆಗಳಲ್ಲಿ ಚರಕಗಳು ತಿರುಗಲು ಶುರುವಾಗುತ್ತಿದ್ದವು. ಬೆಂದ ರೇಷ್ಮೆಗೂಡಿನ ವಾಸನೆ ಗೋಡೆಗಳಿಗೂ ಹಿಡಿದಿತ್ತು. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಂಡಾಗಲೇ ನಮಗೆ ಅದು ನೆನಪಾಗುತ್ತಿದ್ದುದು. ಆ ಬೀದಿಯಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅಪ್ಪನ ತಾಯಿ ಸಾರಮ್ಮ, ನನ್ನ ಅಜ್ಜಿ, ಮನೆಯ ಯಜಮಾನಿ. ಹಿತ್ತಲಿನ ಆಚೆ ಬಾಷಾ ಸಾಬರ ಮನೆ ಮತ್ತು ಅವರ ನೂಲು ತೆಗೆಯುವ ಶೆಡ್ಡು. ಅವರ ಹೆಂಡತಿ ಮೆಹರುನ್ನೀಸಾಳನ್ನು ಅಜ್ಜಿ ಮೆಹರು ಎಂದೂ ಅಮ್ಮ ಅಕ್ಕ ಎಂದೂ ಕರೆಯುತ್ತಿದ್ದರು. ಎರಡು ಹಿತ್ತಲುಗಳ ನಡುವೆ ಗೋಡೆ ಇರಲಿಲ್ಲ, ಒಂದು ಕರಿಬೇವಿನ ಗಿಡ ಮಾತ್ರ ಇತ್ತು.

ನನ್ನ ಅಮ್ಮ ನಾಗರತ್ನ ಮಂಡಿಕಲ್ ಪಕ್ಕದ ಹಳ್ಳಿಯ ರೈತರ ಮನೆಯವಳು. ತನ್ನಿಷ್ಟದಂತೆ ಅಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಿದ್ದಳು. ಆ ದಿನ ಅವಳ ತಂದೆ, ನನ್ನ ತಾತ, ಊರವರೆದುರು ಒಂದು ಮಾತು ಆಡಿದ್ದರಂತೆ: "ಆ ಮನೆ ಒಲೆ ಮೇಲೆ ಬೆಂದಿದ್ದನ್ನ ನಾನು ಬಾಯಿಗಿಡಲ್ಲ." ತಾತ ಮಾತು ಆಡುವುದೇ ಕಡಿಮೆ; ಆಡಿದ್ದನ್ನು ಬಿಡುವುದು ಇನ್ನೂ ಕಡಿಮೆ. ಅವರು ರೇಷ್ಮೆ ಹುಳ ಮೇಯಿಸುವ ರೈತರು. ಗೂಡು ಮಾರಲು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಅಮ್ಮ ನನ್ನ ಕೈಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಟೀ ಅಂಗಡಿಯ ಮುಂದೆ ನಿಂತು ಮಳೆಯ ವಿಷಯ, ಎಮ್ಮೆಯ ವಿಷಯ ಮಾತಾಡುತ್ತಿದ್ದರು. ತಾತ ನನಗೆ ಬಿಸಿ ಕಡಲೆಕಾಯಿ ಕೊಡಿಸುತ್ತಿದ್ದರು. "ಮನೆ ಇಲ್ಲೇ ಇದೆಯಲ್ಲಪ್ಪಾ, ಬಂದುಹೋಗು" ಎಂದು ಅಮ್ಮ ಪ್ರತಿ ಸಲ ಹೇಳುವಳು. "ಬಸ್ಸಿಗೆ ಹೊತ್ತಾಯ್ತು ಕಣಮ್ಮ" ಎಂದು ತಾತ ಪ್ರತಿ ಸಲ ಹೇಳುವರು. ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಅದು ನನಗೂ ಗೊತ್ತಿತ್ತು.

ತೊಂಬತ್ತರ ಸುಮಾರಿನ ಆ ವರ್ಷ ಅಜ್ಜಿ ಈಸ್ಟರ್ ಊಟವನ್ನು ದೊಡ್ಡದಾಗಿಯೇ ಮಾಡಬೇಕೆಂದು ಹೊರಟಳು. ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ, ನಾವು ಗುಡಿ ಎನ್ನುತ್ತಿದ್ದ ಚರ್ಚಿನಿಂದ ಬಂದವಳೇ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು ಯಾರ್ಯಾರನ್ನು ಕರೆಯಬೇಕೆಂದು ಬಾಯಲ್ಲೇ ಲೆಕ್ಕ ಹಾಕತೊಡಗಿದಳು. ಗೌರಿಬಿದನೂರಿನ ನೆಂಟರು, ಆಸ್ಪತ್ರೆಯವರು, ಬೀದಿಯವರು. ಮಟನ್ ಪುಲಾವು, ಕೋಳಿ ಸಾರು, ಗಸಗಸೆ ಪಾಯಸ. ನಲವತ್ತು ದಿನದ ಉಪವಾಸಕಾಲದಲ್ಲಿ ಮಾಂಸ ಮುಟ್ಟದ ಮನೆ ನಮ್ಮದು. ಅಜ್ಜಿ ಆ ಹೆಸರುಗಳನ್ನು ಹೇಳುತ್ತಿದ್ದರೆ ನನಗೆ ಬಾಯಲ್ಲಿ ನೀರು ಬರುತ್ತಿತ್ತು. ಕರಿಬೇವು ಕೀಳಲು ಬಂದಿದ್ದ ಮೆಹರು ಆಂಟಿ ನಗುತ್ತಾ, "ನಮ್ಮನ್ನ ಬಿಟ್ಟು ತಿನ್ನೋಕೇ ಈ ಪ್ಲಾನಾ ಅಮ್ಮಾ? ನಮಗೆ ರೋಜಾ ಅಲ್ವಾ ಈಗ" ಅಂದಳು. ಆ ವರ್ಷ ಈಸ್ಟರ್ ರಂಜಾನ್ ತಿಂಗಳಲ್ಲೇ ಬಿದ್ದಿತ್ತು. ಅಜ್ಜಿ ಅರೆಕ್ಷಣವೂ ಯೋಚಿಸಲಿಲ್ಲ. "ಹಂಗಾದ್ರೆ ಸಂಜೆ ಇಟ್ಕೊಳ್ಳಣ ಬಿಡು. ನಿಮ್ಮ ಮಸೀದೀಲಿ ಕೂಗಿದ ಮೇಲೇ ಎಲೆ ಹಾಕೋದು."

ಆಮೇಲೆ ಅಜ್ಜಿ ಅಮ್ಮನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: "ನಿಮ್ಮಪ್ಪನ್ನೂ ಕರೆಸ್ತೀನಿ."

"ಅವರು ಬರಲ್ಲ ಅತ್ತೆ."

"ಊಟಕ್ಕೆ ಬನ್ನಿ ಅಂದ್ರೆ ಬರಲ್ಲ. ಕೆಲಸ ಹೇಳಿದ್ರೆ ಬರ್ತಾರೆ. ಗಂಡಸರು ಹಂಗೇ."

ಅಜ್ಜಿಯ ಉಪಾಯ ಇಷ್ಟೇ. ಈಸ್ಟರ್ ದಿನ ಮಕ್ಕಳಿಗೆ ಕೊಡಲು ಬಣ್ಣ ಹಾಕಿದ ಮೊಟ್ಟೆ ಬೇಕು. ಈರುಳ್ಳಿ ಸಿಪ್ಪೆಯಲ್ಲಿ, ಬೀಟ್‌ರೂಟಿನಲ್ಲಿ ಬೇಯಿಸಿದರೆ ನಾಟಿ ಕೋಳಿಯ ಮೊಟ್ಟೆಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ ಎಂದು ಅವಳ ನಂಬಿಕೆ. ತಾತನ ಹಳ್ಳಿಯಲ್ಲಿ ಮನೆಮನೆಗೂ ಕೋಳಿ. ಹಾಗಾಗಿ ಗೂಡು ಕೊಳ್ಳಲು ಆ ಕಡೆ ಹೊರಟಿದ್ದ ಬಾಷಾ ಸಾಬರ ಹತ್ತಿರ ಹೇಳಿ ಕಳಿಸಿದಳು: ನೂರು ಮೊಟ್ಟೆ ಬೇಕು, ಹಬ್ಬದ ಹಿಂದಿನ ದಿನ ಅವರೇ ತಂದುಕೊಡಬೇಕು, ಮಗಳು ಕೇಳಿದ್ದಾಳೆ ಎಂದು ಹೇಳಿ.

ಶನಿವಾರ ಸಂಜೆ ತಾತ ಬಂದರು. ಹೆಗಲ ಮೇಲೆ ಸೊಪ್ಪಿನ ಚೀಲ, ಕಂಕುಳಲ್ಲಿ ಎರಡು ಬಿದಿರಿನ ತಟ್ಟೆ, ಎದೆಗೆ ಅವುಚಿಕೊಂಡಿದ್ದ ಒಂದು ಕಪ್ಪು ಬಟ್ಟೆಯ ಗಂಟು. ಹೊಸ್ತಿಲಾಚೆಯೇ ನಿಂತರು. ಮುಖ ಬಾಡಿತ್ತು.

"ಯಾಕಮ್ಮ ರತ್ನ, ಇಷ್ಟು ಕಷ್ಟ ಇದ್ರೆ ಮಾರ್ಕೆಟ್ಟಲ್ಲಿ ಒಂದು ಮಾತು ಹೇಳಬಾರದಿತ್ತಾ? ನಿನ್ನ ಗಂಡನ ಕೆಲಸ ಹೋಯ್ತಾ?"

"ಯಾವ ಕಷ್ಟ ಅಪ್ಪಾ?"

"ಹುಳ ಮೇಯಿಸೋಕೆ ಇಳಿದಿದ್ದೀಯಲ್ಲ! ನೂರು ಮೊಟ್ಟೆ ಬೇಕು ಅಂತ ಹೇಳಿ ಕಳಿಸಿದ್ದೀಯ. ಇಲ್ಲಿ ಸೊಪ್ಪೆಲ್ಲಿ ಸಿಗುತ್ತೆ ನಿಂಗೆ? ಅದಕ್ಕೇ ಒಂದು ಚೀಲ ಕೊಯ್ಕೊಂಡು ಬಂದೆ. ನಾಳಿದ್ದಿಂದ ದಿನಾ ಬಸ್ಸಿಗೆ ಹಾಕಿಸ್ತೀನಿ."

ಅಜ್ಜಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಬನ್ನಿ ಬೀಗ್ರೆ. ಮೊಟ್ಟೆ ಎಲ್ಲಿ?" ತಾತ ಬಟ್ಟೆ ಬಿಚ್ಚಿದರು. ಒಳಗೆ ಎರಡು ಕಾಗದದ ಹಾಳೆ. ಹಾಳೆಯ ತುಂಬ ಸಣ್ಣ ಸಣ್ಣ ಕಾಳು ಅಂಟಿಕೊಂಡಿದ್ದವು. ನಮ್ಮ ಬೀದಿಗೆ ಬರುತ್ತಿದ್ದುದು ಗೂಡು ಮಾತ್ರ. ಹುಳದ ಮೊಟ್ಟೆಯನ್ನು ಅಜ್ಜಿ ಅಷ್ಟು ವರ್ಷದಲ್ಲಿ ಕಣ್ಣಲ್ಲಿ ಕಂಡಿರಲಿಲ್ಲ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, "ಇದೇನ್ರೀ ಇದು, ಪಾಯಸಕ್ಕೆ ಗಸಗಸೆನಾ?" ಅಂದಳು.

ಮುಂದಿನ ಗದ್ದಲವನ್ನು ಪೂರ್ತಿ ಬರೆಯಲಾರೆ. ಬಾಷಾ ಸಾಬರನ್ನು ಕರೆಸಿದರು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ನೀವು ನೂರು ಮೊಟ್ಟೆ ಅಂದ್ರಿ ಅಮ್ಮಾ, ನಾನೂ ನೂರು ಮೊಟ್ಟೆ ಅಂದೆ. ನಡುವೆ ಒಂದು ಮಾತೂ ನಾನು ಸೇರಿಸಿಲ್ಲ" ಎಂದರು. ಕೋಳಿ ಎಂಬ ಮಾತನ್ನೂ ಅವರು ಸೇರಿಸಿರಲಿಲ್ಲ. ಗೂಡು ಕೊಳ್ಳುವವರೂ ಗೂಡು ಬೆಳೆಯುವವರೂ ಮೊಟ್ಟೆ ಅಂದರೆ ಅದು ಹುಳದ ಮೊಟ್ಟೆಯೇ, ಒಂದು ಚಿಟ್ಟೆ ಇಟ್ಟಷ್ಟೂ ಸೇರಿ ಒಂದು ಎಂದು ಲೆಕ್ಕ; ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. "ಕೋಳೀದು ಬೇಕಾದ್ರೆ ಕೋಳಿ ಮೊಟ್ಟೆ ಅನ್ನಬೇಕಲ್ಲಮ್ಮ" ಎಂದು ತಾತ ಗೊಣಗಿದರು. ಅಮ್ಮ ಮಾತ್ರ ನಗಲಿಲ್ಲ. ಆ ಹಾಳೆಗಳನ್ನೇ ನೋಡುತ್ತಿದ್ದಳು. "ಇದು ಊರಲ್ಲಿ ನಮ್ಮನೆಗೆ ಅಂತ ತಂದಿದ್ದ ಮೊಟ್ಟೆ ಅಲ್ವೇನಪ್ಪಾ? ನೀನು ಮೇಯಿಸಬೇಕಾಗಿದ್ದು?" ತಾತ ಹಾಳೆಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು. "ಮೊಟ್ಟೆ ನೀಲಿ ತಿರುಗಿದೆ. ಬೆಳಿಗ್ಗೆ ಒಡೆದು ಹುಳ ಏಳ್ತವೆ. ಕತ್ತಲೆ ಮೂಲೆ ಎಲ್ಲಿದೆ ತೋರಿಸು" ಎಂದು ಹೊಸ್ತಿಲು ದಾಟಿ ಒಳಗೆ ಬಂದರು. ಮೊಟ್ಟೆಗೆ ಜಾಗ ನೋಡುವ ನೆಪದಲ್ಲಿ ಅವರು ನಮ್ಮ ಮನೆಯೊಳಗೆ ಕಾಲಿಟ್ಟಿದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಊರಿಗೆ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಜಗಲಿಯ ಮೇಲೆ ಮಲಗಿದರು. ಅಮ್ಮ ಇಟ್ಟ ಹಾಲಿನ ಲೋಟ ಇಟ್ಟಲ್ಲೇ ಕೆನೆಗಟ್ಟಿತು.

ಈಸ್ಟರ್ ಬೆಳಿಗ್ಗೆ ಅಜ್ಜಿ, ಅಪ್ಪ ಗುಡಿಗೆ ಹೋದರು. ಅಮ್ಮ ಹೋಗಲಿಲ್ಲ. ನಾನು ಎದ್ದು ಬಂದಾಗ ಅವಳೂ ತಾತನೂ ತಟ್ಟೆಯ ಎರಡು ಕಡೆ ಬಗ್ಗಿ ಕೂತಿದ್ದರು. ಹಾಳೆಯ ಮೇಲೆಲ್ಲ ಕಪ್ಪು ನೂಲಿನ ತುಣುಕಿನಂಥ ಹುಳಗಳು ಹರಿದಾಡುತ್ತಿದ್ದವು. ಅಮ್ಮ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತಿದ್ದಳು. ತಾತ ಕೋಳಿ ಪುಕ್ಕದಿಂದ ಹುಳಗಳನ್ನು ತಟ್ಟೆಗೆ ಸವರಿ ಇಳಿಸುತ್ತಿದ್ದರು. "ಕೈ ಮರೆತಿಲ್ಲ ನೀನು" ಅಂದರು ತಾತ. ಅಮ್ಮ ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡಳು.

ಗುಡಿಯಿಂದ ಬಂದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಒಲೆಗೆ ಸೌದೆ ಜೋಡಿಸಿದಳು. ಆಗ ತಾತ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಹಚ್ಚಬೇಡಿ ಅಮ್ಮಾ."

"ಯಾಕ್ರೀ?"

"ಎಳೆ ಹುಳ ಇರೋ ಮನೇಲಿ ಒಲೆ ಹಚ್ಚೋ ಹಾಗಿಲ್ಲ. ನಮ್ಮ ಕಡೆ ಪದ್ಧತಿ."

"ಚೆನ್ನಾಗಿದೆ ಬಿಡಿ! ಊರಿಗೆಲ್ಲ ಊಟಕ್ಕೆ ಹೇಳಿ ಕೂತಿದ್ದೀನಿ. ನಿಮ್ಮ ಹುಳಕ್ಕೋಸ್ಕರ ನಾನು ನೆಂಟರಿಗೂ ಸೊಪ್ಪು ಹಾಕ್ಲಾ?"

ತಾತ ಕದಲಲಿಲ್ಲ. ಅಮ್ಮ ಬಂದು ಅವರ ಮುಖವನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ದೊಡ್ಡ ತಪ್ಪಲೆ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ನಡೆದಳು. "ಅಕ್ಕಾ, ನಿಮ್ಮ ಒಲೆ ಖಾಲಿ ಇದೆಯಾ?"

ಭಾನುವಾರವಾದ್ದರಿಂದ ಬಾಷಾ ಸಾಬರ ಶೆಡ್ಡಿನಲ್ಲಿ ಚರಕ ನಿಂತಿತ್ತು. ಗೂಡು ಬೇಯಿಸುವ ದೊಡ್ಡ ಒಲೆಯ ಮೇಲೆ ನಮ್ಮ ಪುಲಾವಿನ ತಪ್ಪಲೆ ಏರಿತು. ಮೆಹರು ಆಂಟಿ ಉಪವಾಸದಲ್ಲೇ ಮಸಾಲೆ ಹುರಿದಳು, ಮಾಂಸ ಬೇಯಿಸಿದಳು. ಉಪ್ಪು ನೋಡುವ ಹಾಗಿಲ್ಲವಾದ್ದರಿಂದ ಸೌಟು ಹಿಡಿದು, "ಅಮ್ಮಾ, ಬಂದು ನೋಡಿ" ಎಂದು ಕೂಗುವಳು. ಅಜ್ಜಿ ಗೊಣಗುತ್ತಲೇ ಹೋಗಿ ರುಚಿ ನೋಡಿ, ಬೇಕಾದ್ದಕ್ಕಿಂತ ಒಂದು ಸಲ ಹೆಚ್ಚಾಗಿಯೇ ನೋಡಿ ಬರುವಳು. ಅಂಗಡಿಯಿಂದ ತಂದ ಫಾರಂ ಮೊಟ್ಟೆಗಳಿಗೆ ಬಣ್ಣ ಸರಿಯಾಗಿ ಹಿಡಿಯಲಿಲ್ಲ. ನಮಗದು ಯಾವ ಲೆಕ್ಕಕ್ಕೂ ಬರಲಿಲ್ಲ.

ಮಸೀದಿಯಲ್ಲಿ ಕೂಗಿದರು. ಕರಿಬೇವಿನ ಗಿಡದ ಈಚೆ, ನಮ್ಮ ಹಿತ್ತಲಲ್ಲಿ, ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದ್ದರು. ರೋಜಾ ಇದ್ದವರು ಖರ್ಜೂರ ಬಾಯಿಗಿಟ್ಟುಕೊಂಡರು. ಅಪ್ಪ ಚಿಕ್ಕದೊಂದು ಪ್ರಾರ್ಥನೆ ಹೇಳಿದರು. ತಾತ ಸಾಲಿನ ತುದಿಯಲ್ಲಿ ಬಾಷಾ ಸಾಬರ ಪಕ್ಕ ಕೂತಿದ್ದರು. ಬಡಿಸುತ್ತಾ ಬಂದ ಅಮ್ಮ ಅವರ ಎಲೆಯ ಮುಂದೆ ನಿಂತುಬಿಟ್ಟಳು. ಅಜ್ಜಿ ಹಿಂದಿನಿಂದ ಬಂದು ಎಲ್ಲರಿಗೂ ಕೇಳುವ ಹಾಗೆ, "ಬೀಗ್ರೆ, ಇದು ಮೆಹರು ಒಲೆ ಮೇಲೆ ಬೆಂದಿದ್ದು" ಅಂದಳು.

"ಗೊತ್ತಮ್ಮ" ಅಂದರು ತಾತ. "ಬಡಿಸು ರತ್ನ."

ಅವರು ತಲೆ ತಗ್ಗಿಸಿ ಊಟ ಮಾಡಿದರು. ಎರಡನೆಯ ಸಲ ಹಾಕಿಸಿಕೊಂಡರು. ಪಾಯಸ ಬಂದಾಗ, "ಇದರಲ್ಲಿ ನಮ್ಮ ಮೊಟ್ಟೆ ಹಾಕಿಲ್ಲ ತಾನೇ?" ಅಂದರು. ಹಿತ್ತಲೆಲ್ಲ ನಗು. ಅಮ್ಮ ಬಾಗಿಲ ಹಿಂದೆ ಸರಿದು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದನ್ನು ಬಹುಶಃ ನಾನೊಬ್ಬಳೇ ನೋಡಿದೆ.

ಮರುದಿನ ತಂಪು ಹೊತ್ತಿನ ಬಸ್ಸಿಗೆ ತಾತ ಹೊರಟರು. ಎರಡು ತಟ್ಟೆಯನ್ನು ಕುಲುಕದಂತೆ ಹಿಡಿಯಲು ಇನ್ನೊಬ್ಬರು ಬೇಕಾಗಿತ್ತು. ಅಮ್ಮ ನನ್ನನ್ನೂ ಕರೆದುಕೊಂಡು ಹತ್ತಿದಳು. ಮದುವೆಯಾದ ಮೇಲೆ ಅವಳು ಆ ಊರಿಗೆ ಹೋದದ್ದು ಅದೇ ಮೊದಲು. ಅಲ್ಲಿ ಪಡಸಾಲೆಯ ಒಂದು ಕಡೆ ಹುಳದ ತಟ್ಟೆಗಳನ್ನಿಟ್ಟರು. ನಡುವೆ ಒಂದು ಈಚಲು ಚಾಪೆ ಕಟ್ಟಿದ್ದರು. ಚಾಪೆಯ ಆ ಕಡೆ ಸೋದರಮಾವನ ಹೆಂಡತಿ ಒಲೆ ಹಚ್ಚಿ ಮುದ್ದೆ ತಿರುವುತ್ತಿದ್ದಳು. ಹೊಗೆ ಚಾಪೆಯ ಮೇಲಿನಿಂದ ನಿಧಾನವಾಗಿ ಈಚೆ ಬರುತ್ತಿತ್ತು. ನಾನು ಜೋರಾಗಿಯೇ, "ಅಮ್ಮಾ, ಹುಳ ಇರೋ ಮನೇಲೇ ಒಲೆ ಹಚ್ಚಿದ್ದಾರಲ್ಲ" ಅಂದೆ. ತಾತ ಎದ್ದು ಎಮ್ಮೆಗೆ ನೀರು ತೋರಿಸಲು ಹೋದರು. ಅಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. "ಸುಮ್ನೆ ಊಟ ಮಾಡು ಕಣೇ."

ಅಲ್ಲಿಂದ ಮುಂದೆ ಪ್ರತಿ ಈಸ್ಟರ್‌ಗೂ ತಾತ ಬಂದರು. ಹುಳವೂ ಇಲ್ಲ, ಸೊಪ್ಪೂ ಇಲ್ಲ. ಪಂಚೆಯ ತುದಿಯಲ್ಲಿ ಕೋಳಿ ಮೊಟ್ಟೆ ಕಟ್ಟಿಕೊಂಡು ಬರುತ್ತಿದ್ದರು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ರಂಜಾನ್ ಬೇರೆ ತಿಂಗಳಿಗೆ ಸರಿದುಹೋದ ಮೇಲೂ ಊಟ ಸಂಜೆಗೇ ಉಳಿಯಿತು, ಅಡಿಗೆ ಮೆಹರು ಆಂಟಿಯ ಒಲೆಯ ಮೇಲೆಯೇ ಆಯಿತು. ಮನೆಗೆ ಗ್ಯಾಸ್ ಬಂದ ವರ್ಷ ಅಜ್ಜಿ ಕೆಣಕಿದಳು: "ಇದು ಒಲೆ ಅಲ್ಲ ಬೀಗ್ರೆ, ಸ್ಟೌವು. ನೀವು ಆವತ್ತು ಸ್ಟೌವ್ ಹೆಸರು ಎತ್ತಿಲ್ಲ." ತಾತ ಬಗ್ಗಿ ಅದನ್ನು ಸುತ್ತಲೂ ನೋಡಿ, "ಬೆಂಕಿ ಬರುತ್ತಲ್ಲಮ್ಮ?" ಎಂದು ಕೇಳಿದರು. ಬರುತ್ತೆ ಅಂದಳು ಅಜ್ಜಿ. "ಹಂಗಾದ್ರೆ ಒಲೇನೇ" ಅಂದರು. ಅವರು ತಮ್ಮ ಮಾತನ್ನು ಒಂದು ದಿನವೂ ಮುರಿಯಲಿಲ್ಲ. ಮಗಳ ಮನೆಯಲ್ಲಿ ಒಂದು ಈಸ್ಟರನ್ನೂ ತಪ್ಪಿಸಲಿಲ್ಲ.

ಈಗ ಆ ಬೀದಿಯಲ್ಲಿ ಚರಕದ ಸದ್ದು ಕಡಿಮೆ. ಅಜ್ಜಿ ಹೋಗಿ ಬಹಳ ಕಾಲವಾಯಿತು. ಬಾಷಾ ಸಾಬರೂ ಇಲ್ಲ. ಎರಡು ಹಿತ್ತಲು ಸೇರಿದ್ದ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ಎಷ್ಟು ಯೋಚಿಸಿದರೂ ಕರಿಬೇವಿನ ಗಿಡ ಯಾವ ಜಾಗದಲ್ಲಿತ್ತು ಎಂದು ನಾನು ಬೆರಳಿಟ್ಟು ತೋರಿಸಲಾರೆ. ಆದರೆ ಒಂದು ಬೆಳಿಗ್ಗೆ ಮಾತ್ರ ನನ್ನ ಕಣ್ಣಲ್ಲಿ ಹಾಗೇ ನಿಂತಿದೆ. ತಾತ ತೀರಿಕೊಂಡ ಮೇಲೆ ಬಂದ ಮೊದಲ ಈಸ್ಟರ್ ಅದು; ಅಜ್ಜಿ ಆಗ ಇನ್ನೂ ಇದ್ದಳು. ಮೆಹರು ಆಂಟಿ ಎಂದಿನಂತೆ ಹಿತ್ತಲ ಬಾಗಿಲಿಗೆ ಬಂದು, "ಒಲೆ ಹಚ್ಚಿದ್ದೀನಿ ರತ್ನಾ, ತಪ್ಪಲೆ ತಾ" ಅಂದಳು.

ಅಮ್ಮ ತಪ್ಪಲೆಯನ್ನು ನಮ್ಮ ಸ್ಟೌವಿನ ಮೇಲೇ ಇಟ್ಟಳು. "ಈ ವರ್ಷ ಇಲ್ಲೇ ಮಾಡಬಹುದು ಅಕ್ಕ" ಅಂದಳು.

ಮೆಹರು ಆಂಟಿ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಅಮ್ಮ ಬೆಂಕಿಕಡ್ಡಿ ಗೀರಿದಳು. ಎಣ್ಣೆ ಕಾಯಿತು, ಈರುಳ್ಳಿ ಬಿತ್ತು. ಈಸ್ಟರ್ ದಿನ ನಮ್ಮ ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿ ಅಜ್ಜಿ ಪಡಸಾಲೆಯಲ್ಲಿ ಕೂತಲ್ಲೇ ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡಳು. ಈರುಳ್ಳಿ ಕೆಂಪಗಾಗಿ, ಕಪ್ಪಗಾಗಿ, ಸೀದ ವಾಸನೆ ಮನೆಯೆಲ್ಲ ತುಂಬಿದರೂ ಅಮ್ಮ ತಿರುವುತ್ತಲೇ ಇದ್ದಳು. ಅವಳ ಕೈಯಿಂದ ಸೌಟು ತೆಗೆದುಕೊಳ್ಳಲು ನಮ್ಮಲ್ಲಿ ಯಾರೂ ಒಳಗೆ ಹೋಗಲಿಲ್ಲ.