ಗಟ್ಟಿ ಗುಂಡು, ಮೆತ್ತನೆ ಗುಂಡು

ಕಳೆದ ತಿಂಗಳು ಗೋವಿನಜೋಳ ಮಾರಲು ಯರಗಟ್ಟಿಗೆ ಹೋದವನು ಪೇಟೆಯ ಹಿಂದಿನ ಓಣಿಯಲ್ಲಿ ಹಾದು ಬರುತ್ತಿದ್ದೆ. ಒಮ್ಮೆಲೇ ಮೂಗಿಗೆ ನವಸಾಗರದ ಹೊಗೆ ಬಡಿಯಿತು. ಕಾದ ತಾಮ್ರದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ, ತವರ ಸವರಿ, ಅರಿವೆಯಿಂದ ತಿಕ್ಕಿದಾಗ ಏಳುವ ಆ ಬಿಳಿ ಹೊಗೆ ಗಂಟಲಲ್ಲಿ ಕೂತರೆ ಬೇಗ ಇಳಿಯುವುದಿಲ್ಲ. ಕಲಾಯಿ ಹಾಕುವವರು ಈಗೆಲ್ಲಿದ್ದಾರೆ ಎಂದುಕೊಂಡು ಇಣುಕಿದೆ. ಯಾರೋ ಹರೆಯದವನು ಹಂಡೆಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದ. ನಾನು ಹುಡುಕಿದ ಮುಖ ಅದಾಗಿರಲಿಲ್ಲ, ಆಗುವುದು ಸಾಧ್ಯವೂ ಇರಲಿಲ್ಲ...

ನಮ್ಮೂರಿನ ಕಲಾಯಿ ಚಾಚಾ ಬಸ್ಸು ನಿಲ್ಲುವ ಕಟ್ಟೆಯ ಹಿಂದೆ, ಒಂದು ತಗಡಿನ ಚಪ್ಪರದಡಿ ಕೂರುತ್ತಿದ್ದರು. ಬೇಸಿಗೆಯಲ್ಲಿ ಮದುವೆಮನೆಗಳ ಹಂಡೆ, ಕೊಡ, ಪರಾತಗಳಿಗೆ ಕಲಾಯಿ. ಸುಗ್ಗಿ ಹತ್ತಿರ ಬಂದಂತೆ ಅದೇ ಒಲೆಯ ಮೇಲೆ ಬಂದೂಕಿನ ಗುಂಡುಗಳ ಎರಕ. ಸುರೇಬಾನದ ಕಡೆಯ ನಮ್ಮ ಹೊಲಗಳಿಗೆ ಕಾಲುವೆ ನೀರು ಬಂದು ಕಬ್ಬು ಹೆಚ್ಚಾದ ಮೇಲೆ ಕಾಡುಹಂದಿಗಳ ಕಾಟವೂ ಹೆಚ್ಚಾಗಿತ್ತು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಬಂದೂಕುಗಳು ಊರಿನ ನಾಲ್ಕೈದು ಮನೆಗಳಲ್ಲಿದ್ದವು. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಗುಂಡು ಇಳಿಸಿ, ಗಜವೆಂಬ ಕಬ್ಬಿಣದ ಸಲಾಕೆಯಿಂದ ಜಡಿಯುವ ಹಳೆಯ ಬಂದೂಕುಗಳವು. ನಮ್ಮಪ್ಪನ ಬಂದೂಕು, ಅವನ ಹಿಂದೆ ಲೈಸೆನ್ಸ್ ಸಮೇತ ನನ್ನ ಕೈಗೆ ಬಂದಿತ್ತು.

ಚಾಚಾ ಎರಕ ಹೊಯ್ಯುವ ಮೊದಲು ಬಂದೂಕಿನ ಬಾಯಿಗೆ ಕಿರುಬೆರಳು ಹಾಕಿ ತಿರುಗಿಸಿ ನೋಡುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ.

"ಹೊಲದಾಚಿ ಏನೈತ್ರಿ ಅಣ್ಣಾರ?"

ಕಾಲುವೆ ಐತಿ, ಕಾಲುವೆ ದಂಡೆಯ ಮೇಲೆ ಗಾಡಿ ದಾರಿ ಐತಿ ಎಂದಿದ್ದೆ. ಅವರು ಗೋಣು ಹಾಕಿ, ಬರೀ ಸೀಸ ಕರಗಿಸಿ ಗುಂಡು ಹೊಯ್ದುಕೊಟ್ಟರು. ಪಕ್ಕದ ಹೊಲದ ಕಾಕಾನ ಸೀಸಕ್ಕೆ ಮಾತ್ರ ತವರದ ಕಡ್ಡಿ ಮುರಿದು ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ತವರ ಬೆರೆತರೆ ಗುಂಡು ಗಟ್ಟಿಯಾಗುತ್ತದೆ. ಮನೆಗೆ ಬಂದು ಉಗುರಿನಿಂದ ಗೀರಿ ನೋಡಿದೆ. ನನ್ನ ಗುಂಡಿನ ಮೇಲೆ ಗೀರು ಬಿತ್ತು. ಏನೋ ನೆಪ ಹೇಳಿ ಕಾಕಾನ ಒಂದು ಗುಂಡು ಇಸಿದುಕೊಂಡು ಅದನ್ನೂ ಗೀರಿದೆ, ಬೀಳಲಿಲ್ಲ.

ನನ್ನದು ಹುಟ್ಟಾ ಸಂಶಯದ ಬುದ್ಧಿ. ಹಾಲಿನವಳು ಒಂದು ದಿನ ತುಸು ಹೆಚ್ಚು ಅಳೆದರೂ ಇವತ್ತು ನೀರೆಷ್ಟು ಬೆರೆಸಿದ್ದಾಳೋ ಎಂದು ಯೋಚಿಸುವವನು. "ನಿಮಗ ನಿಮ್ಮ ನೆರಳಿನ ಮ್ಯಾಲೂ ಡೌಟ ಬಿಡ್ರಿ" ಎಂದು ಹೆಂಡತಿ ಈಗಲೂ ಛೇಡಿಸುತ್ತಾಳೆ. ಕಾಕಾ ಈ ಚಾಚಾನಿಗೆ ಏನು ಕೊಟ್ಟು ಒಳಗೆ ಹಾಕಿಕೊಂಡಿದ್ದಾನೆ? ನನ್ನ ಹೊಲದಾಚೆ ಏನಿದೆ ಎಂಬುದು ಈ ಮನುಷ್ಯನಿಗೇಕೆ ಬೇಕು? ಹೀಗೆ ಕೂತಲ್ಲಿ ನಿಂತಲ್ಲಿ ಅದೇ ವಿಚಾರ. ಆ ವರ್ಷ ನನ್ನ ಗುಂಡು ತಿಂದ ಎರಡು ದೊಡ್ಡ ಹಂದಿಗಳು ನೆತ್ತರು ಸುರಿಸುತ್ತ ಓಡಿಹೋದ ಮೇಲಂತೂ ಚಾಚಾ ಬೇಕಂತಲೇ ನನಗೆ ಕೆಲಸಕ್ಕೆ ಬಾರದ ಗುಂಡು ಕೊಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡುಬಿಟ್ಟೆ.

ಹೋಗಿ ಕೇಳಿಯೂ ಕೇಳಿದೆ. ನನಗೂ ತವರ ಹಾಕಿ ಕೊಡಿ ಎಂದೆ.

"ನಿಮ್ಮ ಹೊಲಕ್ಕ ಮೆತ್ತಂದ ಸರಿ ಅಣ್ಣಾರ" ಎಂದರು ಚಾಚಾ, ತಿದಿ ಒತ್ತುವುದನ್ನು ನಿಲ್ಲಿಸದೆ. "ಮೆತ್ತಂದು ಹಂದಿ ಮೈಯಾಗ ನಿಂದರತೈತಿ. ಗಟ್ಟಿದು ಪಾರಾಗಿ ಹೋಗತೈತಿ. ಕಾಕಾರ ಹೊಲದ ಹಿಂದ ಗುಡ್ಡ ಐತಿ, ಹೋದ್ರ ಗುಡ್ಡಕ್ಕ ಬಡೀತೈತಿ. ನಿಮ್ಮದು ಎಲ್ಲಿಗೆ ಹೋಗಬೇಕ್ರಿ?"

ಇಷ್ಟು ಬಿಡಿಸಿ ಹೇಳಿದ್ದರು. ಆದರೆ ನನಗೆ ಅದು ಮೊದಲೇ ಹೊಂದಿಸಿಟ್ಟುಕೊಂಡ ಮಾತಿನಂತೆ ಕೇಳಿಸಿತು. ಹಾಗಾದರೆ ನಮ್ಮ ಅಚ್ಚು ವಾಪಸು ಕೊಡಿ ಎಂದೆ. ಬಂದೂಕಿನ ಜೊತೆಗೇ ಬಂದಿದ್ದ ಆ ಗುಂಡಿನ ಅಚ್ಚು ಅಪ್ಪನ ಕಾಲದಿಂದಲೂ ಅವರ ಬಳಿಯೇ ಇತ್ತು. ಅದರ ಅಂಚು ಒಂದು ಕಡೆ ಮುಕ್ಕಾಗಿದ್ದರಿಂದ ಅದರಲ್ಲಿ ಹೊಯ್ದ ಗುಂಡಿಗೆ ಸಣ್ಣದೊಂದು ಏಣು, ಬೆರಳಿಗೆ ತಾಕುವ ಉಬ್ಬು, ಉಳಿಯುತ್ತಿತ್ತು. ಚಾಚಾ ತಿದಿ ಬಿಟ್ಟು ಎದ್ದರು. ಅಚ್ಚಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಬೈಲಹೊಂಗಲದಿಂದ ತವರದ ಕಡ್ಡಿ ತಂದು, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ನಾನೇ ಗಟ್ಟಿ ಗುಂಡು ಹೊಯ್ದುಕೊಂಡೆ. ಮದ್ದನ್ನೂ ರೂಢಿಗಿಂತ ಹೆಚ್ಚೇ ತುಂಬಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕಾಕಾನಿಗೆ ಗೊತ್ತಾಗುತ್ತದೆ ಎಂಬ ಅನುಮಾನ.

ನಮ್ಮ ಹೊಲದಲ್ಲಿ ಕಬ್ಬಿನ ಕಟಾವು ನಡೆದಿತ್ತು. ಸುತ್ತಲಿಂದ ಕಡಿಯುತ್ತ ಬಂದಂತೆ ಹಂದಿಗಳು ನಡುವಿನ ಪಟ್ಟಿಯಲ್ಲಿ ಅಡಗಿ ಕೂರುತ್ತವೆ, ಕಡೆಯ ಪಟ್ಟಿಗೆ ಕುಡುಗೋಲು ಬಿದ್ದಾಗ ಬಯಲಿಗೆ ನುಗ್ಗುತ್ತವೆ. ಕಟಾವಿನ ಆಳುಗಳ ಮೈಮೇಲೆ ಬರುತ್ತವೆಂದು ನಾನೂ ಕಾಕಾನೂ ಬಂದೂಕು ಹಿಡಿದು ಎರಡು ಮೂಲೆಗೆ ನಿಂತಿದ್ದೆವು. ಇನ್ನೂ ಬೆಳಗಿನ ಊಟದ ಹೊತ್ತು. ಒಂದು ದೊಡ್ಡ ಗಂಡುಹಂದಿ ಹೊರಬಿತ್ತು. ಇಬ್ಬರೂ ಹೆಚ್ಚು ಕಡಿಮೆ ಒಟ್ಟಿಗೇ ಹೊಡೆದೆವು. ಹಂದಿ ಅಲ್ಲೇ ಕುಸಿಯಿತು. ನನ್ನ ಗುಂಡಿಗೇ ಬಿತ್ತು ಎಂದು ಎದೆಯುಬ್ಬಿಸಿದ್ದೆ, ಅಷ್ಟರಲ್ಲಿ ಕಾಲುವೆ ದಂಡೆಯಿಂದ ಒಬ್ಬ ಹೆಣ್ಣುಮಗಳು ಬಾಯಿ ಬಡಿದುಕೊಳ್ಳುವುದು ಕೇಳಿಸಿತು.

ಕಬ್ಬು ಹೇರಲು ಗಾಡಿ ಹೂಡಿಕೊಂಡು ಬಂದಿದ್ದ ಗಂಡ ಹೆಂಡತಿಯ ಜೋಡಿ ಅದು. ನೊಗದಲ್ಲಿದ್ದ ಬಲಗಡೆಯ ಎತ್ತು ಮೊಣಕಾಲೂರಿ ಬಿದ್ದಿತ್ತು, ಪಕ್ಕೆಯಲ್ಲಿ ತೂತು. ಆ ಹೆಂಗಸು ನಿಂತಿದ್ದುದು ಎತ್ತಿನಿಂದ ಎರಡೇ ಮಾರು ಆಚೆ. ಎತ್ತು ಮಧ್ಯಾಹ್ನದವರೆಗೂ ಉಸಿರು ಹಿಡಿದಿತ್ತು. ಆ ಕಣ್ಣು ನಾನು ಮರೆತಿಲ್ಲ.

ಎತ್ತಿನ ಮೈಯಿಂದ ಗುಂಡು ತೆಗೆಸಿದರು. ಉಗುರಿನಿಂದ ಗೀರಿದರೆ ಗೀರು ಬೀಳಲಿಲ್ಲ. ಗಟ್ಟಿ ಗುಂಡು ಕಾಕಾನದು, ಮೆತ್ತನೆಯದು ನನ್ನದು ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಎಲ್ಲರ ಕಣ್ಣೂ ಕಾಕಾನ ಮೇಲೆ ಹೋಯಿತು. "ನಂದು ಬದುವಿಗೆ ಬಿದ್ದೈತಿ, ನಾ ನೋಡೇನಿ" ಎಂದು ಅವನು ಹೇಳಿದರೆ ಯಾರೂ ನಂಬಲೊಲ್ಲರು. ನಾನು ಬಾಯಿ ಬಿಡಲಿಲ್ಲ. ಲೈಸೆನ್ಸ್ ಹೋಗುತ್ತದೆ, ಮಾನ ಹೋಗುತ್ತದೆ ಎಂಬ ಹೆದರಿಕೆ ನಾಲಿಗೆಯನ್ನು ಕಟ್ಟಿಹಾಕಿತ್ತು. ಹಿರಿಯರು ಗುಂಡನ್ನು ಚಾಚಾನ ಚಪ್ಪರಕ್ಕೆ ತಂದು, ಯಾರದೆಂದು ಹೇಳು ಎಂದರು.

ಚಾಚಾ ಗುಂಡನ್ನು ಅಂಗೈಯಲ್ಲಿ ಹೊರಳಿಸಿದರು. ಹೆಬ್ಬೆರಳು ಒಂದು ಕಡೆ ನಿಂತಿತು. ಏಣು ಸಿಕ್ಕಿತ್ತು. ಆ ಅಚ್ಚು ತಮ್ಮ ಕೈ ಬಿಟ್ಟು ಎರಡು ತಿಂಗಳಾಗಿತ್ತೆಂಬುದು ಅವರಿಗೆ ಗೊತ್ತು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಯಾರದಂತ ಹೇಳಾಕ ಬರೂದಿಲ್ರಿ" ಎಂದರು. "ಈ ಸಲ ಗಟ್ಟಿದು ಮೆತ್ತಂದು ನನ್ನ ಕೈಯಾಗ ಅದಲಬದಲ ಆಗ್ಯಾವು. ಯಾರದರ ಚೀಲದಾಗ ಯಾರದರ ಹೋಗಿರಬೇಕು. ತಪ್ಪು ನಂದು."

ಊರು ಅವರಿಗೆ ಛೀಮಾರಿ ಹಾಕಿತು. ಮರುದಿನ ನಾನು ನಮ್ಮ ಕೊಟ್ಟಿಗೆಯಿಂದ ಒಂದು ಎತ್ತು ಬಿಚ್ಚಿ ಆ ಗಂಡ ಹೆಂಡತಿಗೆ ಕೊಟ್ಟೆ. ತನ್ನದಲ್ಲದ ತಪ್ಪಿಗೆ ಎತ್ತು ಕೊಟ್ಟ ದೊಡ್ಡ ಮನುಷ್ಯ ಎಂದು ಜನ ಹೊಗಳಿದರು. ಆ ಹೊಗಳಿಕೆಯನ್ನು ನುಂಗಿಕೊಂಡೆ. ಇಂದು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಚಾಚಾನ ಬಳಿ ಆಮೇಲೆ ಯಾರೂ ಗುಂಡು ಹೊಯ್ಯಿಸಲಿಲ್ಲ. ಕೈ ನೆಟ್ಟಗಿಲ್ಲದವನೆಂದು ಹಂಡೆ ಕೊಡಗಳೂ ಕಡಿಮೆಯಾದವು. ನಾನಾದರೂ ಹೋಗಿ ಕಾಲು ಹಿಡಿಯಬೇಕಿತ್ತು, ಆದರೆ ನನ್ನ ತಲೆಯಲ್ಲಿ ಬೇರೆಯೇ ಹುಳ. ಈ ಮನುಷ್ಯ ಸುಮ್ಮನೆ ನನ್ನನ್ನು ಉಳಿಸಿದನೇ? ಏನೋ ಕೇಳಲಿದ್ದಾನೆ. ಇವತ್ತಲ್ಲ ನಾಳೆ ಮನೆ ಬಾಗಿಲಿಗೆ ಬಂದೇ ಬರುತ್ತಾನೆ. ದಾರಿಯಲ್ಲಿ ಎದುರಾದರೆ ಅವರು "ಆರಾಮ ಅದೀರೇನ್ರಿ ಅಣ್ಣಾರ" ಎನ್ನುತ್ತಿದ್ದರು. ಅದರಲ್ಲೂ ನನಗೆ ಬೆದರಿಕೆಯೇ ಕೇಳಿಸುತ್ತಿತ್ತು. ಅವರು ಬರುವ ದಾರಿ ಬಿಟ್ಟು ಓಡಾಡಿದೆ, ಮನೆಯ ಪಾತ್ರೆಗಳನ್ನು ರಾಮದುರ್ಗಕ್ಕೆ ಒಯ್ದು ಕಲಾಯಿ ಹಾಕಿಸಿದೆ. ನಾಲ್ಕೈದು ವರ್ಷ ಹೀಗೇ ಕಳೆಯಿತು. ಅವರು ಏನೂ ಕೇಳಲಿಲ್ಲ. ಕಡೆಗೆ ಚಪ್ಪರ ಬಿಚ್ಚಿ ಸವದತ್ತಿಯ ಮಗಳ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರಂತೆ. ಸುದ್ದಿ ಕೇಳಿದ ದಿನ ನನಗೆ ಮೊದಲು ಅನಿಸಿದ್ದು, ಇನ್ನು ಹೆದರಿಕೆಯಿಲ್ಲ ಎಂದು. ಅಂಥ ಮನುಷ್ಯ ನಾನು...

ಯರಗಟ್ಟಿಯಿಂದ ಬಂದ ಸಂಜೆ ಸೀದಾ ಕಾಕಾನ ಮನೆಗೆ ಹೋದೆ. ಅವನಿಗೀಗ ಎಂಬತ್ತು ದಾಟಿದೆ, ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ಪಕ್ಕದಲ್ಲಿ ಕೂತು, ಅವತ್ತಿನ ಗುಂಡು ನನ್ನದು ಎಂದೆ.

ಕಾಕಾ ಕೈಯಲ್ಲಿದ್ದ ಕೋಲನ್ನು ಪಕ್ಕಕ್ಕಿಟ್ಟ.

"ನನಗ ಗೊತ್ತಿತ್ತೋ ತಮ್ಮಾ" ಎಂದ. "ಅವತ್ತ ಸಂಜಿಕ ನಾ ಚಾಚಾನ ಮನಿಗೆ ಜಗಳಾಡಾಕ ಹೋಗಿದ್ನಿ. ಇದ್ದದ್ದು ಇದ್ದಂಗ ಹೇಳಿದ. ಊರ ಮುಂದ ಹೇಳತೇನಿ ಅಂತ ನಾ ಎದ್ರ, ಕೈ ಹಿಡಕೊಂಡ. ಬ್ಯಾಡ್ರಿ, ಅವರು ತಾವಾಗಿ ಬಂದು ಹೇಳತಾರ, ಮುಚ್ಚಿಡುವಂಥ ಮನಷಾರಲ್ಲ ಅವರು, ಸ್ವಲ್ಪ ತಡೀರಿ ಅಂದ."

ನಾನು ಕಟ್ಟೆಯಿಂದ ಎದ್ದೆ.

"ಸವದತ್ತಿಗೆ ಹೋಗೂ ದಿವಸನೂ ಕೇಳಿದ" ಎಂದ ಕಾಕಾ. "ಅಣ್ಣಾರು ಬಂದಿದ್ರೇನ್ರಿ ಅಂತ. ಇಲ್ಲ ಅಂದ್ನಿ. ಬರತಾರ ಅಂದ."