ಮೊದಲು ನೂರು ಎಲೆ, ಆಮೇಲೆ ಉಪಗ್ರಹ

ಉಪಗ್ರಹ ಚಿತ್ರಗಳಿಂದ ಬೆಳೆಯ ಎಲೆಗಳ ವಿಸ್ತೀರ್ಣವನ್ನು ಅಂದಾಜು ಮಾಡುವ ವಿದ್ಯೆಯಲ್ಲಿ ಇಂದು ಯಾರೇ ನಾಲ್ಕು ಮಾತಾಡಲಿ, ಅದರಲ್ಲಿ ಎರಡಾದರೂ ನಮ್ಮ ಮೇಡಂ ಅವರಿಂದ ಕಲಿತದ್ದಾಗಿರುತ್ತದೆ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಅವರ ಪ್ರಶಸ್ತಿಗಳ ಪಟ್ಟಿಯನ್ನು ಈ ಅಭಿನಂದನಾ ಸಂಚಿಕೆಯಲ್ಲಿ ಬೇರೆಯವರು ಕೊಡುತ್ತಾರೆ. ನಾನು ಹದಿನೆಂಟು ವರ್ಷ ಬಾಯಿ ಬಿಡದ ಒಂದು ಸಂಗತಿಯನ್ನು ಹೇಳುತ್ತೇನೆ.

ಅವರ ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟು. ಕಂಪ್ಯೂಟರ್ ಮುಟ್ಟುವ ಮೊದಲು ಪ್ರತಿ ವಿದ್ಯಾರ್ಥಿಯೂ ಹೊಲಕ್ಕೆ ಹೋಗಿ ನೂರು ಎಲೆ ಬಿಡಿಸಿ, ಒಂದೊಂದನ್ನೂ ಗ್ರಾಫ್ ಹಾಳೆಯ ಮೇಲಿಟ್ಟು, ಪೆನ್ಸಿಲ್ಲಿನಿಂದ ಅಂಚೆಳೆದು, ಒಳಗಿನ ಚೌಕಗಳನ್ನು ಎಣಿಸಬೇಕು. ಎಲೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಒಣಗಿಸಿ ಅವರ ಬೀರುವಿಗೆ ಒಪ್ಪಿಸಬೇಕು. ಬೆನ್ನ ಹಿಂದೆ ನಾವು ಅವರನ್ನು 'ಎಲೆ ಮೇಡಂ' ಎನ್ನುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು.

ನಾನು ಪ್ರಬಂಧ ಸಲ್ಲಿಸಲು ಹತ್ತೇ ದಿನವಿದ್ದಾಗ ನನ್ನ ಎಣಿಕೆಯಿಂದ ಇಡೀ ಹೊಲಕ್ಕೆ ಹಾಕಿದ ಲೆಕ್ಕಕ್ಕೂ ಉಪಗ್ರಹ ಚಿತ್ರಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧವಾಯಿತು. ಚಿತ್ರದಲ್ಲಿದ್ದಷ್ಟು ಹಸಿರು ನನ್ನ ಹಾಳೆಗಳಲ್ಲಿರಲಿಲ್ಲ. ಪದವಿ ಕೈತಪ್ಪೀತೆಂಬ ಭಯದಿಂದ, ನಾಚಿಕೆಯಿಂದಲೇ ಬರೆಯುತ್ತೇನೆ, ನನ್ನ ಅಂಕಿಗಳನ್ನು ಚಿತ್ರಕ್ಕೆ ಹೊಂದುವಂತೆ ಏರಿಸಿಬಿಟ್ಟೆ. ಮೇಡಂ ಕರಡನ್ನು ಓದಿ, ಎದ್ದು, ಬೀರುವಿನಿಂದ ನನ್ನ ಒಣ ಎಲೆಗಳ ಕಟ್ಟನ್ನು ತಂದು ಮೇಜಿನ ಮೇಲೆ ಹರಡಿದರು.

"ಒಣಗಿದ ಎಲೆ ಕುಗ್ಗೋದು ನೋಡಿದೀನಿ, ಹಿಗ್ಗೋದನ್ನ ಇವತ್ತೇ ನೋಡ್ತಿರೋದು. ಭಾರಿ ಕೃಷಿಕನಪ್ಪ ನೀನು."

"ತಪ್ಪಾಯ್ತು ಮೇಡಂ."

"ಅದಿರ್ಲಿ. ಚಿತ್ರ ಯಾಕೆ ಜಾಸ್ತಿ ತೋರಿಸ್ತು ಅಂತ ಯೋಚನೆ ಮಾಡಿದ್ಯಾ? ನಡಿ, ಹೊಲಕ್ಕೆ ಹೋಗೋಣ."

ಸಾಲುಗಳ ನಡುವೆ ಮೊಣಕಾಲೆತ್ತರ ಕಳೆ ಬೆಳೆದಿತ್ತು. ನಾನು ಬೆಳೆಯ ಎಲೆಗಳನ್ನಷ್ಟೇ ಬಿಡಿಸಿದ್ದೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಬೆಳೆಯೂ ಹಸಿರು, ಕಳೆಯೂ ಹಸಿರು. ನಾನು ಮುಚ್ಚಿಹಾಕಿದ್ದ ಆ ವ್ಯತ್ಯಾಸವೇ ನನ್ನ ಪ್ರಬಂಧದ ನಿಜವಾದ ಫಲಿತಾಂಶವಾಗಿತ್ತು. ನನ್ನನ್ನು ಹೊರಗೆ ಹಾಕುವ ಎಲ್ಲ ಹಕ್ಕೂ ಇದ್ದ ಅವರು, ಇನ್ನೊಂದು ಹಂಗಾಮಿನ ಅಳತೆ ಅಗತ್ಯವೆಂದು ಮೇಲಿನವರಿಗೆ ಪತ್ರ ಬರೆದು, ಆ ಹಂಗಾಮಿನುದ್ದಕ್ಕೂ ನನ್ನ ಪಕ್ಕದಲ್ಲಿ ಕೂತು ಕಳೆಯ ಎಲೆಗಳನ್ನೂ ಎಣಿಸಿದರು. ಬೆಳೆಯಿಂದ ಕಳೆಯನ್ನು ಬೇರ್ಪಡಿಸಿ ಲೆಕ್ಕ ಹಾಕುವ ನಮ್ಮ ವಿಧಾನ ಹುಟ್ಟಿದ್ದು ಹಾಗೆ. ನಾನು ಅಂಕಿ ತಿದ್ದಿದ್ದನ್ನು ಅವರು ಇಂದಿನವರೆಗೂ ಯಾರಿಗೂ ಹೇಳಿಲ್ಲ.

ಯಾವ ಕರಡನ್ನೂ ನೋಡದೆ ಬಿಟ್ಟವರಲ್ಲ ಮೇಡಂ. ಇದನ್ನೂ ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಾರೆ. ಸಂಪಾದಕರು ದಯವಿಟ್ಟು ಬಿಟ್ಟುಕೊಡಬಾರದು. ನಾಳೆಯಿಂದ ಅವರ ಕುರ್ಚಿಯಲ್ಲಿ ಕೂರುವವನು ನಾನು, ನನ್ನ ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು. ಕಿಟಕಿ ಪಕ್ಕದ ಮೇಜೊಂದನ್ನು ಮೇಡಂ ಆಗಲೇ ತಮಗೆಂದು ಹಿಡಿದಿಟ್ಟಿದ್ದಾರೆ. ಆಯುರಾರೋಗ್ಯವಂತರಾಗಿ ಬಹುಕಾಲ ಅಲ್ಲಿ ಕೂತು ಅವರು ನಮ್ಮ ಎಲೆಗಳನ್ನು ಮತ್ತೊಮ್ಮೆ ಎಣಿಸುತ್ತಿರಲಿ. ಎಣಿಕೆ ತಾಳೆಯಾಗದ ದಿನ ನಮ್ಮ ಮಕ್ಕಳು ಅಂಕಿ ತಿದ್ದದೆ, ಹೆದರದೆ, ನೇರ ಆ ಮೇಜಿನ ಹತ್ತಿರ ಹೋಗಲಿ.